ಮೋಟೆಬೆನ್ನೂರಿನ ಕ್ರಾಸ್ ಟ್ರೇನಿಂಗ್

ಎಲ್ಲ ಅನಾಹುತಕ್ಕೂ ಕಾರಣ ‘ಕ್ರಾಸ್’ ಎಂಬ ಎರಡಕ್ಷರದ ಮಾತು. ಆ ಮಾತಿಗೆ ಒಂದೇ ಅರ್ಥವಿದೆ ಎಂದು ಬ್ಯಾಡಗಿಯ ಗುಮಾಸ್ತ ಶಂಭುಲಿಂಗ ಗಟ್ಟಿಯಾಗಿ ನಂಬಿದ್ದ.

ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ. ಊರಿನ ವಾಕಿಂಗ್ ಮಂಡಳಿಯವರು ಜನವರಿಯ ಮುಂಬೈ ಮ್ಯಾರಾಥಾನಿಗೆ ತಮ್ಮ ಕಡೆಯಿಂದ ಒಬ್ಬರನ್ನು ಕಳಿಸುವುದೆಂದು ಠರಾವು ಮಾಡಿದರು. ರೈಲಿನ ಟಿಕೀಟು, ಬೂಟು ಎಲ್ಲ ಮಂಡಳಿಯದೇ. ನಲವತ್ತೆರಡು ಕಿಲೋಮೀಟರ್ ಓಡಬೇಕೆಂದು ಕೇಳಿದ ಕೂಡಲೇ ಸದಸ್ಯರೆಲ್ಲ ತಮ್ಮ ತಮ್ಮ ಮೊಣಕಾಲು ಹಿಡಿದುಕೊಂಡು ಕೂತರು. ಹೆಸರು ಕೊಟ್ಟವನು ಶಂಭುಲಿಂಗ ಒಬ್ಬನೇ.

ಕೊಟ್ಟದ್ದಕ್ಕೆ ಕಾರಣವಿತ್ತು. ಹಿಂದಿನ ವಾರ ಹಾವೇರಿ ಬಸ್ಸಿನ ಬೆನ್ನು ಹತ್ತಿ, ಹಿಡಿಯಲಾಗದೆ, ನಡುರಸ್ತೆಯಲ್ಲಿ ತೇಕುತ್ತ ನಿಂತಿದ್ದ. ಬಸ್ಸಿನೊಳಗೆ ಮಗಳು ಸುಧಾರಾಣಿಯ ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದು ಸುಧಾರಾಣಿ ಊಟ ಬಿಟ್ಟು ಮಲಗಿದಳು. ಒಮ್ಮೆಯಾದರೂ ಮಗಳು ನಾಲ್ಕು ಜನರೆದುರು ‘ನಮ್ಮಪ್ಪ’ ಎಂದು ಎದೆಯುಬ್ಬಿಸಿ ಹೇಳಬೇಕು, ಅಷ್ಟೇ ಶಂಭುಲಿಂಗನ ಆಸೆ. ಅದಕ್ಕಾಗಿ ತೊಂಬತ್ತು ಕಿಲೋದ ಮೈ ಹೊತ್ತು ಓಡಲು ಹೊರಟನಲ್ಲ, ಅವನ ಗುಂಡಿಗೆ ಮೆಚ್ಚಬೇಕು!

ಮಂಡಳಿಯ ಗುರು, ನಿವೃತ್ತ ಡ್ರಿಲ್ ಮಾಸ್ತರ ಶಮಶೇರಸಾಬರು ಎರಡು ಕಾಗದ ಅವನ ಮುಂದಿಟ್ಟರು.

“ಇದ್ರಾಗ ಒಂದು ಆರಿಸ್ಕೋರಿ. ಒಂದನೇದ್ರಾಗ ವಾರಕ್ಕ ಆರು ದಿನ ಓಟ. ಎರಡನೇದ್ರಾಗ ನಾಕು ದಿನ ಓಟ, ಎರಡು ದಿನ ಕ್ರಾಸ್ ಟ್ರೇನಿಂಗ್.”

ಶಂಭುಲಿಂಗನ ಮುಖ ಅರಳಿತು. ಅವನಿಗೆ ಗೊತ್ತಿದ್ದ ಕ್ರಾಸ್ ಒಂದೇ, ಬ್ಯಾಡಗಿ ರಸ್ತೆ ಹೈವೇಗೆ ಕೂಡುವ ಮೋಟೆಬೆನ್ನೂರು ಕ್ರಾಸ್. ಅಲ್ಲಿ ಬೇವಿನ ಮರದ ನೆರಳಿತ್ತು, ನೆರಳಿನಲ್ಲಿ ಶೇಖವ್ವನ ಮಿರ್ಚಿ ಭಜಿ ಅಂಗಡಿಯಿತ್ತು. ಟ್ರೇನಿಂಗಿಗೆ ಇದಕ್ಕಿಂತ ಚೆಂದದ ಜಾಗ ಯಾವುದಿದೆ?

“ಎರಡನೇದ ಇರ್ಲಿ ಸರ.”

“ಕ್ರಾಸ್ ಟ್ರೇನಿಂಗ್ ಅಂದ್ರ ಗೊತ್ತೈತಲ್ಲ?”

“ಗೊತ್ತಿಲ್ದ ಏನ್ರೀ! ಈ ರವಿವಾರನ ಮೋಟೆಬೆನ್ನೂರಾಗ ಶುರು ಮಾಡ್ತೇನಿ.”

ಅಲ್ಲಿ ಯಾರದೋ ಹೊಲದಲ್ಲಿ ದುಡಿಯುತ್ತಾನೆಂದು ತಿಳಿದು ಮಾಸ್ತರು ತಲೆದೂಗಿದರು. “ಬೇಶ್! ಸಂಜೀಕ ನಾನೂ ಅಲ್ಲಿಗೆ ಬರ್ತೇನಿ. ಅಲ್ಲಿಂದ ಊರತನಕ ಓಡಿ ತೋರಿಸ್ರಿ. ನನ್ನ ಮನಸಿಗೆ ಬಂತಂದ್ರ ಟಿಕೀಟು ಪಕ್ಕಾ.”

ರವಿವಾರ ಶಂಭುಲಿಂಗ ಹೊಸ ಚಡ್ಡಿ ತೊಟ್ಟು, ಬುತ್ತಿ ಡಬ್ಬಿ ಹಿಡಿದು, ಕ್ರಾಸಿಗೆ ಬಂದಿಳಿದು ಬೇವಿನ ಮರದ ಕೆಳಗೆ ನಿಂತ. ಮುಂದೇನು ಮಾಡಬೇಕೆಂದು ಕಾಗದದಲ್ಲಿ ಬರೆದಿರಲಿಲ್ಲ. ಹಾಗಾಗಿ ನಿಂತೇ ಇದ್ದ.

“ಯಣ್ಣಾ, ಬಸ್ಸಿಗೆ ನಿಂತೀರೇನು?” ಎಂದಳು ಶೇಖವ್ವ.

“ಇಲ್ಲಬೇ, ಕ್ರಾಸ್ ಟ್ರೇನಿಂಗಿಗೆ ಬಂದೇನಿ.”

“ಯಾರ ಕೊಡವ್ರು ಟ್ರೇನಿಂಗು?”

“ಅದ ನೋಡಾಕತ್ತೇನಿ.”

“ಮತ್ತ ಸುಮ್ನ ಯಾಕ ನಿಂತೀರಿ? ಈ ಕೊಡಾ ಹಿಡೀರಿ, ನಡೀರಿ ನೀರಿಗೆ.”

ಕೈಪಂಪು ಎರಡು ಫರ್ಲಾಂಗು ದೂರ. ಶೇಖವ್ವ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು, ಮಗಳ ಮದುವೆಯ ಕತೆ ಹೇಳುತ್ತ ಮುಂದೆ ನಡೆದಳು. ಶಂಭುಲಿಂಗನ ಒಂದೇ ಕೊಡದ ನೀರು ಅರ್ಧ ಅವನ ಚಡ್ಡಿಗೇ ಆಯಿತು. ಹೀಗೆ ನಾಲ್ಕು ಸಲ ಹೋಗಿ ಬಂದರು.

ಅಷ್ಟರಲ್ಲಿ ಮೆಣಸಿನಕಾಯಿ ಹೇರಿದ್ದ, ಬ್ಯಾಡಗಿಯ ಫಿರೋಜನ ಟೆಂಪೋ ಕೆಸರಿನಲ್ಲಿ ಸಿಕ್ಕಿತು. “ಇಲ್ಲಿ ಟ್ರೇನಿಂಗಿನವ್ರು ಒಬ್ರು ಅದಾರ, ಕರೀರಿ!” ಎಂದು ಶೇಖವ್ವ ಕೂಗಿದಳು. ತಾನೂ ಸೆರಗು ಸಿಕ್ಕಿಸಿ ಬಂದಳು. ಇಬ್ಬರೂ ಸೇರಿ ದಬ್ಬಿದರು. ಟೆಂಪೋ ಮೇಲಕ್ಕೆ ಬಂತು, ಆದರೆ ಆರು ಚೀಲ ಕೆಳಗೆ ಬಿದ್ದವು. ಅವನ್ನು ಮತ್ತೆ ಹೇರಿದರು. ಮೆಣಸಿನಕಾಯಿ ಘಾಟಿಗೆ ಶಂಭುಲಿಂಗ ಇಪ್ಪತ್ತು ಸೀನು ಸೀನಿದ. ಮಧ್ಯಾಹ್ನ ಕಡಲೆಹಿಟ್ಟು ತರಲು ಸೈಕಲ್ ತುಳಿದ. ಮೂರು ಗಂಟೆಗೆ ಕರ್ಜಗಿಯ ಮುದುಕನೊಬ್ಬ, “ಬಸ್ ಬರೂತನಾ ಹಿಡ್ಕೋರಿ” ಎಂದು ಹೋತವೊಂದನ್ನು ಅವನ ಕೈಗೆ ಕೊಟ್ಟ. ಅದು ಅವನನ್ನು ಹೈವೇಯ ಆಚೆ ದಂಡೆಗೆ ಎಳೆದೊಯ್ದಿತು. ಶೇಖವ್ವ ಓಡಿಹೋಗಿ ಇಬ್ಬರನ್ನೂ ಹಿಡಿದು ತಂದಳು.

ಸಂಜೆ ಸ್ಕೂಟರಿನಲ್ಲಿ ಬಂದ ಶಮಶೇರಸಾಬರಿಗೆ ಕೆಸರು ಮೆತ್ತಿದ ಶಂಭುಲಿಂಗನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕತೆಯನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕರು.

“ಅಲ್ರೀ ಮಹಾರಾಯ್ರ, ಓಟ ಬಿಟ್ಟು ಬ್ಯಾರೆ ಕೆಲಸ ಮಾಡಿ ಮೈ ಗಟ್ಟಿ ಮಾಡ್ಕೊಳ್ಳೂದಕ್ಕ ಕ್ರಾಸ್ ಟ್ರೇನಿಂಗ್ ಅಂತಾರ. ಈ ಕ್ರಾಸಲ್ಲ! ಆದ್ರೂ ಏನರ ಅನ್ರಿ, ತಪ್ಪು ತಿಳ್ಕೊಂಡು ಖರೇ ಟ್ರೇನಿಂಗ ಮಾಡೀರಿ. ಶಾಬಾಸ್! ಹೂಂ, ಓಡ್ರಿ ಈಗ.”

ಶಂಭುಲಿಂಗನಿಗೆ ಮುಂಬೈ ಕಣ್ಣಿಗೆ ಕಂಡಂತಾಯಿತು. ಬ್ಯಾಡಗಿಯ ಕಡೆ ಓಟ ಕಿತ್ತ. ಮಾಸ್ತರು ಸ್ಕೂಟರಿನಲ್ಲಿ ಬೆನ್ನ ಹಿಂದೆ ಬಂದರು. ನೂರು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಶೇಖವ್ವನ ಕೂಗು ಕೇಳಿತು. “ಯಣ್ಣಾ, ನಿಂದರ್ರೀ! ನಿಂದರ್ರೀ ಅಂದ್ರ!”

ಯಪ್ಪಾ, ಮತ್ತೆ ಕೊಡ! ಶಂಭುಲಿಂಗ ಜೀವ ಬಿಟ್ಟು ಓಡಿದ. ಹಿಂದಿನ ವಾರ ಹೀಗೆ ಓಡಿದ್ದರೆ ಬಸ್ಸು ಖಂಡಿತ ಸಿಗುತ್ತಿತ್ತು. “ಶಾಬಾಸ್! ಏನ್ ಓಟಲೇ ಇದು!” ಎಂದು ಮಾಸ್ತರು ಕೂಗಿದರು. ಅವನಿಗೆ ಇನ್ನಷ್ಟು ಹುರುಪು ಬಂತು.

ಆಗ ಅವನ ಭುಜದ ಪಕ್ಕದಿಂದ ಒಂದು ಕೈ ಮುಂದೆ ಬಂತು. ಕೈಯಲ್ಲಿ ಬುತ್ತಿ ಡಬ್ಬಿ.

“ಹಿಡೀರಿ, ಮರತು ಹೊಂಟಿದ್ರಿ. ಮನ್ಯಾಗ ವೈನಿ ಬೈತಾರ.” ಶೇಖವ್ವ ಬರಿಗಾಲಲ್ಲಿ ಪಕ್ಕದಲ್ಲೇ ಓಡುತ್ತಿದ್ದಳು. ಇನ್ನೊಂದು ಕೈಯಲ್ಲಿ ಮಿರ್ಚಿ ಕರಿಯುವ ಸೌಟು. ಉಸಿರು ಒಂದಿಷ್ಟೂ ಏರಿರಲಿಲ್ಲ. “ಎಣ್ಣಿ ಕಾದೈತಿ, ನಾ ಹೊಂಟೆ” ಎಂದವಳೇ ಗರಕ್ಕನೆ ತಿರುಗಿ, ಬಂದದ್ದಕ್ಕಿಂತ ಜೋರಾಗಿ ಓಡಿದಳು.

ಶಮಶೇರಸಾಬರೂ ಸ್ಕೂಟರ್ ತಿರುಗಿಸಿ ಅವಳ ಹಿಂದೆ ಹೋದರು. ಶಂಭುಲಿಂಗ ಡಬ್ಬಿ ಹಿಡಿದು ರಸ್ತೆಯಲ್ಲಿ ಒಬ್ಬನೇ ನಿಂತ. ಹೊಟ್ಟೆಕಿಚ್ಚು ಪಡಲು ನೋಡಿದ, ಆಗಲಿಲ್ಲ. ಅಂಥ ಓಟವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಮುಂಬೈ ಟಿಕೀಟು ಶೇಖವ್ವನದಾಯಿತು. ಅವಳದು ಒಂದೇ ತಕರಾರು. “ಮತ್ತ ನನ್ನ ಅಂಗಡಿ ಯಾರ ನೋಡ್ತಾರ್ರೀ?”

“ಟ್ರೇನಿಂಗ್ ಆದಾಂವ ಒಬ್ಬ ಅದಾನಲ್ಲ!” ಎಂದರು ಮಾಸ್ತರು.

ಶಂಭುಲಿಂಗ ಕುಂಟುತ್ತ ಮನೆ ಮುಟ್ಟುವ ಮೊದಲೇ, ಸಂಜೆ ಊರಿಗೆ ಮರಳಿದ ಫಿರೋಜನ ಟೆಂಪೋದೊಂದಿಗೆ ಸುದ್ದಿ ಮುಟ್ಟಿತ್ತು. ಸುಧಾರಾಣಿ ಬಾಗಿಲಲ್ಲೇ ಅವನ ಕೈ ಹಿಡಿದಳು. ಕಣ್ಣು ಹೊಳೆಯುತ್ತಿದ್ದವು.

“ಅಪ್ಪಾ, ಶೇಖವ್ವ ಅಷ್ಟು ಜೋರ ಓಡ್ತಾಳಂತ, ಖರೇನ? ನೀ ನೋಡೀಯೇನು?”

“ನೋಡೇನಿ. ನನ್ನ ಹಿಂದನ ಓಡಿ ಬಂದ್ಲು.”

“ನಿನ್ನ ಹಿಂದ!” ಸುಧಾರಾಣಿ ಎದೆಯುಬ್ಬಿಸಿದಳು. “ನಾಳೆ ಸಾಲ್ಯಾಗ ಎಲ್ಲಾರಿಗೂ ಹೇಳ್ತೇನಿ, ಶೇಖವ್ವ ಓಡಬೇಕಾದ್ರ ನಮ್ಮಪ್ಪ ಮುಂದಿದ್ದ ಅಂತ.”

ಶಂಭುಲಿಂಗ ಮೆಲ್ಲಗೆ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದ.

“ಹೇಳವಾ. ಎಷ್ಟು ದೂರ ಅಂತ ಮಾತ್ರ ಹೇಳಬ್ಯಾಡ.”