ನೂರು ವರ್ಷದ ಬೂಷ್ಟು

ಬಿಸಿ ಸೋಪಿನ ನೀರಿನ ವಾಸನೆ ಬಂದರೆ ಸಾಕು, ಅಳಿಯನಿಗೆ ತನ್ನ ತಾಯಿಯ ನೆನಪು. ಆಕೆಯದು ಬಟ್ಟೆ ಒಗೆಯುವ ಅಂಗಡಿ. ಅವನ ತೊಟ್ಟಿಲು ತೂಗಿದ್ದೂ ಅದೇ ಹಬೆಯಲ್ಲಿ. ಅಂಥವನು ಮದುವೆಯಾಗಿ ಬಂದದ್ದು ನಾಲ್ಕು ತಲೆಮಾರಿನಿಂದ ವೈನ್ ಮಾಡುವ ಮನೆಗೆ. ಮೂರು ವರ್ಷವಾದರೂ ಮಾವ ಅವನಿಗೆ ಬಾಟಲಿ ತೊಳೆಯುವುದು ಬಿಟ್ಟು ಬೇರೆ ಕೆಲಸ ಕೊಟ್ಟಿರಲಿಲ್ಲ. ಮನೆಯವರೆಲ್ಲ ತೊಟ್ಟಿಗಿಳಿದು ಬರಿಗಾಲಲ್ಲಿ ದ್ರಾಕ್ಷಿ ತುಳಿಯುವಾಗ ಇವನು ಪಕ್ಕದಲ್ಲಿ ಟವೆಲ್ ಹಿಡಿದು ನಿಲ್ಲಬೇಕು.

ಆ ಬೆಳಿಗ್ಗೆ ಪೇಟೆಗೆ ಹೊರಟ ಮಾವ, ನೆಲಮಾಳಿಗೆಯ ಬೀಗದ ಕೈಯನ್ನು ಅವನಿಗೆ ಕೊಟ್ಟರು. "ಪೀಪಾಯಿಗಳನ್ನ ಸಂಜೆವರೆಗೂ ನೆಟ್ಟಗೆ ನೋಡ್ಕೊಳ್ಳಿ. ನಾಳೆ ನೀವೂ ತೊಟ್ಟಿಗಿಳೀರಂತೆ."

ಅಳಿಯ ಹಿಗ್ಗಿ ಹೀರೇಕಾಯಿಯಾದ. ಕೆಳಗಿಳಿದು ನೋಡಿದರೆ ಗೋಡೆಗಳು ಕಂಬಳಿ ಹೊದ್ದಂತೆ ಕಪ್ಪು ಬೂಷ್ಟು, ಪೀಪಾಯಿಯಿಂದ ಪೀಪಾಯಿಗೆ ಜೇಡರ ಬಲೆ. ಅವನ ಕೈ ಸುಮ್ಮನಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆಗಳು ಆಗತಾನೇ ಕ್ಷೌರ ಮಾಡಿಸಿಕೊಂಡ ಗಲ್ಲದಂತೆ ಹೊಳೆಯುತ್ತಿದ್ದವು.

ಪೀಪಾಯಿಯ ಪಟ್ಟಿ ಬಿಗಿಸಲು ಬಂದ ಬಡಗಿ ಮೆಟ್ಟಿಲಲ್ಲೇ ಕುಸಿದು ಕುಳಿತ. "ಅಳಿಯಂದ್ರೇ! ಬೂಷ್ಟೆಲ್ಲಿ?"

"ಚರಂಡೀಲಿ. ಯಾಕೆ?"

"ಯಾಕಾ? ನೂರು ವರ್ಷದ್ದು ಕಣ್ರೀ! ಈ ಮನೆ ವೈನಿಗೆ ರುಚಿ ಬರೋದೇ ಅದರಿಂದ!"

ಗಲಾಟೆ ಕೇಳಿ ಮಾವನ ಅಕ್ಕ ಇಣುಕಿದರು. "ಅಯ್ಯಯ್ಯೋ, ನಮ್ಮಜ್ಜನ ಕಾಲದ ಜೇಡಗಳೆಲ್ಲಪ್ಪಾ? ನನ್ನ ತಮ್ಮ ನೋಡಿದ್ರೆ ನಿನ್ನ ತೊಟ್ಟಿಗಿಳಿಸಲ್ಲ, ಬಾವಿಗಿಳಿಸ್ತಾನೆ!"

ಮಾವ ಬರುವಷ್ಟರಲ್ಲಿ ಎಲ್ಲ ಮೊದಲಿನಂತೆ ಕಾಣಬೇಕೆಂದು ಅಳಿಯ ಇಬ್ಬರ ಕಾಲಿಗೂ ಬಿದ್ದ. ಬಡಗಿ ತನ್ನ ಮನೆಯ ಅಟ್ಟದಿಂದ ಒಂದು ಮೂಟೆ ಜೇಡರ ಬಲೆ ತಂದ. ಅಕ್ಕ ಒಲೆಯ ಮಸಿಗೆ ಮೊಸರು ಕಲಸಿ ಕೊಟ್ಟರು, ಅಳಿಯ ಬಳಿದ. "ಇನ್ನೆರಡು ಸಲ ಬಳಿಯಪ್ಪಾ. ಇದಕ್ಕೆ ಮೂವತ್ತು ವರ್ಷವೂ ಆದಂಗೆ ಕಾಣಲ್ಲ!" ಎಂದರು ಅಕ್ಕ. ಕೋಳಿಗೂಡಿನಲ್ಲಿ ಹಿಡಿದು ತಂದ ಎಂಟು ಜೇಡಗಳನ್ನು ಬಲೆಗೆ ಬಿಟ್ಟರೆ, ಅವು ಅವನ ಅಂಗಿಯೇ ವಾಸಿ ಎಂದು ತೋಳು ಹತ್ತಿದವು.

"ಕೂತ್ಕೊಳಮ್ಮಾ, ನಿಂದೇ ಮನೆ ಅನ್ಕೋ," ಎಂದು ಅವನು ಒಂದೊಂದಕ್ಕೂ ಕೈಮುಗಿದ.

ಸಂಜೆ ಮಾವ ಬಂದರು. ಜೊತೆಯಲ್ಲಿ ಬಿಳಿ ಕೈಗವಸಿನ ಆರೋಗ್ಯಾಧಿಕಾರಿ. ಅವರು ಗೋಡೆ ಸವರಿದರು, ಕರ್ರಗಾದ ಬೆರಳು ಮೂಸಿದರು, ಮುಖ ಕಿವುಚಿದರು.

"ಗೋಡೆ ತೊಳೆಸಿ ಅಂತ ಹೋದ ತಿಂಗಳೇ ನೋಟಿಸ್ ಕೊಟ್ಟಿದ್ದೆ. ಆವತ್ತಿಗಿಂತ ಗಲೀಜಾಗಿದೆಯಲ್ರೀ!"

ಮರ್ಯಾದೆಗಂಜಿ ಮಾವ ಆ ನೋಟಿಸನ್ನು ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಇನ್ನಷ್ಟು ದಿನ ಕೇಳಿಕೊಳ್ಳಲೆಂದೇ ಪೇಟೆಗೆ ಹೋಗಿದ್ದರು; ಅಧಿಕಾರಿ ಒಪ್ಪದೆ ಜೊತೆಗೇ ಹೊರಟು ಬಂದಿದ್ದರು.

"ಸಾರ್, ಮಧ್ಯಾಹ್ನ ಫಳಫಳ ಅಂತಿತ್ತು!" ಅಳಿಯ ಕೂಗಿದ. "ನಾನೇ ತೊಳೆದಿದ್ದೆ!"

"ಮತ್ತೆ ಈ ಮಸಿ ಬಳಿದವರು ಯಾರು?"

"ಅದೂ ನಾನೇ, ಸಾರ್... ಬೂಷ್ಟು ಹೋದ್ರೆ ರುಚಿ ಹೋಗುತ್ತೆ ಅಂದ್ರು."

ಮಾವ ಹಣೆ ಚಚ್ಚಿಕೊಂಡರು. "ರಸ ಹುದುಗೋದು ಹಣ್ಣಿನ ಸಿಪ್ಪೆ ಮೇಲಿರೋ ಬಿಳಿ ಪುಡಿಯಿಂದ ಕಣ್ರೀ! ಗೋಡೆ ಕೆರೆದು ಯಾರಾದ್ರೂ ವೈನ್ ಮಾಡ್ತಾರಾ?"

ಬಡಗಿ ಸೂರು ನೋಡತೊಡಗಿದ. ಅಕ್ಕನಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಹಾಲಿನ ನೆನಪಾಯಿತು.

"ನಾಳೆ ಸಂಜೆಯೊಳಗೆ ಬೆಳ್ಳಗಾಗಿರ್ಬೇಕು. ಇಲ್ದಿದ್ರೆ ಬೀಗ," ಎಂದು ಅಧಿಕಾರಿ ಹೊರಟರು. ಮಾವ ಬೀಗದ ಕೈ ಕಿತ್ತುಕೊಂಡು, ಅಳಿಯನ ಕೈಗೆ ಬ್ರಷ್ ಕೊಟ್ಟು ಮೆಟ್ಟಿಲು ಹತ್ತಿದರು. ನಾಳೆ ತೊಟ್ಟಿಯ ಪಕ್ಕ ಟವೆಲ್ ಹಿಡಿಯುವ ಭಾಗ್ಯವೂ ಇಲ್ಲ.

ಅಳಿಯ ಬಕೆಟ್ ಬೋರಲು ಹಾಕಿ ಕುಳಿತ. ಸ್ವಲ್ಪ ಹೊತ್ತಿಗೆ ಅತ್ತೆ ಸದ್ದಿಲ್ಲದೆ ಇಳಿದು ಬಂದು, ಬಿಸಿ ಊಟದ ತಟ್ಟೆಯನ್ನು ಅವನ ಮುಂದೆ ಹಿಡಿದರು. ಕೈಯೆಲ್ಲ ಮಸಿ ಎಂದು ನೆನಪಿಟ್ಟುಕೊಂಡು ಚಮಚವನ್ನೂ ತಂದಿದ್ದರು.