ಆರೂವರಿ ಭೂಕಂಪ

ಔರಾದದ ನಮ್ಮ ಓಣ್ಯಾಗ ದಿನಾ ಸಂಜಿ ಆರೂವರಿಗಿ ಭೂಕಂಪ ಆಗ್ತದ. ರವಿವಾರ ಎರಡು ಸಲ. ಇದು ನನ್ನ ಮಾತಲ್ಲ, ಸರ್ಕಾರಿ ಕಾಗದದಾಗ ಬರದದ.

ಬಾಜೂ ಮನಿ ಶಿವಕಾಂತ ಸಿನಿಮಾ ನೋಡ್ಲಿಕ್ಕಂತೇ ಒಂದು ಖೋಲಿ ಮಾಡ್ಯಾನ. ಆವಾಜು ಕಿವಿಗಿ ಕೇಳಿದ್ರ ಸಾಲದಂತ, ಮೈಗಿ ತಾಕಬೇಕಂತ. ಬೀದರಿಂದ ನಡುಗಿಸೋ ಮಷಿನ್ ತಂದು ಸೋಫಾದ ಬುಡಕ್ಕ ಬಿಗಿಸಿದ. ಸೋಫಾ ಸರೀಬಾರ್ದಂತ ಅದನ್ನ ನೆಲದ ಶಾಬಾದ ಪರಸಿಗಿ ಬೋಲ್ಟು ಹಾಕಿ ಕೂಡಿಸಿದ. ಆ ಪರಸಿ ಎರಡೂ ಮನಿಗಿ ಒಂದೇ ಹಾಸಿದ್ದು. ಅವನ ಸಿನಿಮಾದಾಗ ಬಾಂಬು ಬಿದ್ರ ನನ್ನ ಗೋಡಿ ಮಾಡದಾಗ ಗಡಿಗಿ ಕುಣೀತದ. ಎಂಟು ದಿನದಾಗ ನಡುವಿನ ಗೋಡಿ ಬಾಯಿ ಬಿಡ್ತು.

"ಶಿವಕಾಂತಾ, ನನ್ನ ಗೋಡಿ ಬೀಳ್ತದೋ ಯಪ್ಪಾ."

"ಅದು ಆವಾಜಿನ ಬೇಸ್ ಅದ ಆಯಿ. ಮಂದಿ ಟಿಕೀಟು ತಗೊಂಡು ನೋಡ್ತಾರ, ನಿನಗ ಪುಕಟ ಸಿಕ್ಕದ."

ನಡುಕ ಪರಿಶೀಲನಾ ಕಚೇರಿಗಿ ಅರ್ಜಿ ಕೊಟ್ಟೆ. ಅಲ್ಲಿಯ ಸಾಹೇಬ್ರು ಮನ್ಮಥಪ್ಪನವರು ಭಾಳ ನ್ಯಾಯವಂತರು.

"ಆಯಿ, ಸೋಫಾದಿಂದ ಗೋಡಿ ಸೀಳಿದ್ರ ನಮ್ಮ ಫಾರಮಿನಾಗ ಜಾಗಾ ಇಲ್ಲ. ಭೂಕಂಪಕ್ಕ ಅದ."

"ಹಂಗಾರ ಭೂಕಂಪಂತ ಬರೀರಿ."

"ನೋಡಲಾರದ ಹ್ಯಾಂಗ ಬರೀಲಿ?"

ನೋಡ್ಲಿಕ್ಕ ಬಂದ್ರು. ಸೋಫಾದ ಮ್ಯಾಲ ಕುಂತು ಪೂರಾ ಸಿನಿಮಾ ತಪಾಸಣಿ ಮಾಡಿದ್ರು. ಮರುದಿನ ಖಾತ್ರಿ ಮಾಡ್ಕೊಳ್ಳಿಕ್ಕ ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬಂದ್ರು. ಮೂರನೇ ದಿನ ನನ್ನ ಬಾಗಲಿಗಿ ಕಾಗದ ಹಚ್ಚಿದ್ರು:

"ಪ್ರಕಟಣೆ. ಸದರಿ ಓಣಿಯಲ್ಲಿ ಪ್ರತಿದಿನ ಸಂಜೆ ೬.೩೦ಕ್ಕೆ, ರವಿವಾರ ಮಧ್ಯಾಹ್ನ ೨.೩೦ಕ್ಕೂ, ಭೂಕಂಪವು ಸಂಭವಿಸತಕ್ಕದ್ದು. ಮಧ್ಯಂತರದಲ್ಲಿ ಹತ್ತು ನಿಮಿಷ ಭೂಮಿಯು ಸ್ಥಿರವಾಗಿರುವುದು. ಸದರಿ ಸೋಫಾವನ್ನು ಸರ್ಕಾರಿ ಮಾಪನ ಯಂತ್ರವೆಂದು ಘೋಷಿಸಲಾಗಿದ್ದು, ಯಾರೂ ಕದಲಿಸತಕ್ಕದ್ದಲ್ಲ."

ಓಣಿ ಮಂದಿ ಕಾಯ್ದೆ ಬಿಟ್ಟವರಲ್ಲ. ಆರೂ ಇಪ್ಪತ್ತಕ್ಕ ಕೂಸು ಮುದುಕರನ್ನೆಲ್ಲ ಕರ್ಕೊಂಡು ಹೊರಗ ಬರ್ತಾರ. ಮಧ್ಯಂತರಕ್ಕ ಒಳಗ ಹೋಗಿ ಚಹಾ ಕುಡದು ಬರ್ತಾರ.

"ಸಾಹೇಬ್ರ, ನನ್ನ ಗೋಡಿ?" ಅಂದೆ.

"ಗೋಡಿ ಪುರಾವಿ ಅದ ಆಯಿ. ನೀವು ಸಿಮಿಟು ಮೆತ್ತಿದ್ರ ಭೂಕಂಪ ಸುಳ್ಳಾಗ್ತದ. ನಿಮ್ಮ ಅರ್ಜಿನೂ ಸುಳ್ಳಾಗ್ತದ."

ಖರೇ ಮಾತು. ಮೆತ್ತಲಿಲ್ಲ.

ಹೋದ ಗುರುವಾರ ಗೋಡಿ ಬಿತ್ತು. ಯಾರಿಗೂ ಪೆಟ್ಟಾಗ್ಲಿಲ್ಲ, ಟೈಮಿಗಿ ಸರಿಯಾಗಿ ಬಿದ್ದದಂತ ಕಚೇರಿಯವರು ಖುಷಿ ಪಟ್ರು. ಈಗ ನನ್ನ ಒಲಿ ಮುಂದ ಕುಂತ್ರ ಶಿವಕಾಂತನ ಸಿನಿಮಾ ಪಡದಾ ನೆಟ್ಟಗ ಕಾಣ್ತದ. ನಿನ್ನಿ ರೊಟ್ಟಿ ಬಡೀಲಿಕ್ಕತ್ತಿದ್ದೆ. ಸಾಹೇಬ್ರು ಸೋಫಾದ ಮ್ಯಾಲಿಂದೇ ಕೈ ಮುಗುದ್ರು.

"ಆಯಿ, ಆ ಒಲಿ ಒಂದೀಟು ಆರಸ್ರಿ. ಹೊಗಿಯಾಗ ತಪಾಸಣಿ ಆಗವಲ್ದು."

ಸರ್ಕಾರಿ ಕೆಲಸ ನೋಡ್ರಿ. ಒಲಿಗಿ ನೀರು ಹಾಕಿದೆ.