ಒಬ್ಬರಿಗೆ ಮಸ್ಸೊಪ್ಪು

ನೂರು ಜನಕ್ಕೆ ಅಡುಗೆ ಮಾಡುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಷ್ಟವಿರುವುದು ಒಬ್ಬರಿಗೆ ಮಾಡುವುದರಲ್ಲಿ. ನೂರು ಜನಕ್ಕೆ ಮಾಡುವಾಗ ಉಪ್ಪು ಒಂದು ಹಿಡಿ ಹೆಚ್ಚಾದರೆ ನೂರು ಜನ ಅದನ್ನು ಹಂಚಿಕೊಳ್ಳುತ್ತಾರೆ, ತಲೆಗೆ ಒಂದಿಷ್ಟು ಬೈದು ಸುಮ್ಮನಾಗುತ್ತಾರೆ. ಒಬ್ಬನೇ ಮಾಡಿಕೊಂಡು ಉಣ್ಣುವಾಗ ಉಪ್ಪು ಹಾಕಿದವನೂ ಅವನೇ, ಉಣ್ಣುವವನೂ ಅವನೇ, ಬೈಸಿಕೊಳ್ಳುವವನೂ ಅವನೇ. ಜಗಳ ಮಾಡೋಣವೆಂದರೆ ಎದುರು ಪಾರ್ಟಿಯೇ ಇರುವುದಿಲ್ಲ. ಅನ್ನವನ್ನೇ ನೋಡಿ. ಒಬ್ಬನಿಗೆ ಎಂದು ಅಕ್ಕಿ ಹಾಕುತ್ತೇನೆ. ಬೆಂದ ಮೇಲೆ ಅದು ಮೂವರಿಗಾಗಿರುತ್ತದೆ. ಮಾರನೆಯ ದಿನ ಹುಷಾರಾಗಿ ಕಡಿಮೆ ಹಾಕಿದರೆ ಬೆಕ್ಕಿಗೂ ಸಾಲದು. ಈ ವಿದ್ಯೆ ಐವತ್ತೆಂಟನೇ ವಯಸ್ಸಿನಲ್ಲಿ ಕಲಿಯುವಂಥದ್ದಲ್ಲ ಎಂದು ನನಗೆ ತಿಳಿದು ಇನ್ನೂ ಒಂದು ವರ್ಷ ತುಂಬಿಲ್ಲ.

ಇದಕ್ಕೆ ನಮ್ಮ ಮನೆಯ ಅಳತೆಯೇ ಕಾರಣ. ನನ್ನದು ಚನ್ನಪಟ್ಟಣದ ಬೊಂಬೆ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಲೇತ್ ಇದೆ, ಅದರಲ್ಲಿ ಹಾಲೆ ಮರ ಕಡೆದು ಮಕ್ಕಳು ಆಡುವ ಅಡುಗೆಮನೆ ಸೆಟ್ಟು ಮಾಡುತ್ತೇನೆ. ಹೆಬ್ಬೆರಳಿನಷ್ಟು ಎತ್ತರದ ಕೊಡ, ಗೋಲಿ ಹಿಡಿಸದ ಕಡಾಯಿ, ಕಡ್ಡಿಯಂಥ ಸೌಟು. ನನ್ನ ಹೆಂಡತಿ ಜಯಮ್ಮ ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದಳು. ಅವಳ ಪಾತ್ರೆಯೊಳಗೆ ಒಂದು ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾಗಿತ್ತು. ಅವಳ ಕೈ ನೂರು ಮಕ್ಕಳ ಅಳತೆಯದು, ನನ್ನ ಕೈ ಬೊಂಬೆಗಳ ಅಳತೆಯದು. ನಡುವೆ ಮನುಷ್ಯರಿಗೆ ಎಂದು ಒಂದು ಅಳತೆ ಇರುತ್ತದಲ್ಲ, ಅದು ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಇಬ್ಬರಿಗೆ ಎಂದು ಅವಳು ಉಪ್ಪಿಟ್ಟು ಮಾಡಿದರೆ ಅಕ್ಕಪಕ್ಕದ ನಾಲ್ಕು ಮನೆಯವರು ಅಂದು ಒಲೆ ಹಚ್ಚುತ್ತಿರಲಿಲ್ಲ. ನಮ್ಮ ಮನೆಯ ಒಗ್ಗರಣೆ ಶಬ್ದ ಕೇಳಿದ ಕೂಡಲೇ ತಟ್ಟೆ ತೊಳೆದಿಟ್ಟುಕೊಳ್ಳುವವರೂ ಇದ್ದರು. ನಾನು ಅದನ್ನು ಆಡಿಕೊಂಡರೆ ಅವಳು, "ನೀವು ಕಡೆದಿರೋ ಆ ಕಡಾಯೀಲಿ ಮಾಡ್ಲಾ? ಇರುವೆ ಸಂಸಾರಕ್ಕೂ ಸಾಲಾಕಿಲ್ಲ" ಎನ್ನುತ್ತಿದ್ದಳು.

ಹೋದ ಅವರೆಕಾಯಿ ಕಾಲದಲ್ಲಿ ಜಯಮ್ಮ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ. ಅಲ್ಲಿ ರಜಾ ಅರ್ಜಿ ಬರೆಯುವುದು ಹೇಳಿಕೊಟ್ಟಿದ್ದರು, ಇದನ್ನು ಹೇಳಿಕೊಟ್ಟಿರಲಿಲ್ಲ. ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ಅವಳ ಮುಖ ನನಗೆ ಮರೆಯುವ ಹಾಗಿಲ್ಲ, ಗೋಡೆಯ ಮೇಲೆ ಫೋಟೋ ಇದೆ. ಧ್ವನಿಯೂ ಮಗಳ ಫೋನಿನಲ್ಲಿದೆ. ಆದರೆ ಅವಳ ಮಸ್ಸೊಪ್ಪಿನ ರುಚಿಯನ್ನು ಯಾರೂ ಎಲ್ಲೂ ತೆಗೆದಿಟ್ಟಿರಲಿಲ್ಲ. ಪ್ರತಿ ಮಂಗಳವಾರ ಶಾಲೆಯಲ್ಲಿ ಬೆರಕೆ ಸೊಪ್ಪು, ತೊಗರಿಬೇಳೆ ಬೇಯಿಸಿ ಮಸೆದ ಸಾರು. ಮಕ್ಕಳೆಲ್ಲ ಉಂಡ ಮೇಲೆ ತನ್ನ ಪಾಲಿನಲ್ಲಿ ಅರ್ಧ ಉಂಡು, ಇನ್ನರ್ಧವನ್ನು ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದಳು. ನನ್ನ ರಾತ್ರಿಯ ಮುದ್ದೆಗೆ ಅದು. ಆ ರುಚಿ ನಾಲಿಗೆಯಿಂದ ದಿನದಿನಕ್ಕೂ ಜಾರುತ್ತಿತ್ತು. ಹುಳಿ ಮುಂದಿತ್ತೋ ಖಾರ ಮುಂದಿತ್ತೋ ಎಂದು ಯೋಚಿಸುತ್ತಾ ಲೇತಿನ ಮುಂದೆ ಕೂತು ಎಷ್ಟೋ ಕೊಡಗಳನ್ನು ಬಾಯಿಲ್ಲದೆ ಕಡೆದುಬಿಟ್ಟೆ. ಒಂದೇ ಒಂದು ಸಲ ಅದನ್ನು ಮತ್ತೆ ಉಣ್ಣಬೇಕು, ಅಷ್ಟೇ ನನ್ನ ಆಸೆ.

ಮಗಳನ್ನು ಕೇಳಿದೆ. ಅವಳು ಮಾಗಡಿಯ ಸೊಸೆ. ಫೋನಿನಲ್ಲೇ ಅರ್ಧ ಗಂಟೆ ಹೇಳಿಕೊಟ್ಟಳು. ಹೇಳಿದ ಹಾಗೆಯೇ ಮಾಡಿದೆ, ಚೆನ್ನಾಗಿಯೇ ಬಂತು, ಆದರೆ ಅದು ಅವಳ ಅತ್ತೆಯ ಸಾರಾಗಿತ್ತು. ಬೀಗಿತ್ತಿಯ ಅಡುಗೆ ಉಂಡು ಹೆಸರಿಡುವಷ್ಟು ಧೈರ್ಯ ನನಗಿಲ್ಲವಾದ್ದರಿಂದ ಸುಮ್ಮನಿದ್ದು, ಶಾಲೆಯ ಕಡೆ ಹೊರಟೆ. ಅಲ್ಲಿ ಕೆಂಪಮ್ಮ ಇದ್ದಾಳೆ. ಜಯಮ್ಮನಿಗೆ ಸಹಾಯಕಿಯಾಗಿದ್ದವಳು, ಈಗ ಅವಳೇ ಮುಖ್ಯ ಅಡುಗೆಯವಳು. ಜಯಮ್ಮನನ್ನು ಅಕ್ಕ ಎನ್ನುತ್ತಿದ್ದವಳಾದ್ದರಿಂದ ನನ್ನನ್ನು ಭಾವ ಎನ್ನುತ್ತಾಳೆ. ಮಸ್ಸೊಪ್ಪು ಹೇಗೆ ಎಂದು ಕೇಳಿದ್ದಕ್ಕೆ, ಬೇಳೆ ದೊಡ್ಡ ಡಬರಿಯಲ್ಲಿ ಎರಡು, ಸೊಪ್ಪು ಒಂದು ಮಂಕರಿ, ಖಾರದ ಪುಡಿ ಒಂದು ಲೋಟ ಎಂದು ಗಡಗಡ ಹೇಳಿದಳು. ಒಬ್ಬರಿಗೆ ಎಷ್ಟು ಎಂದೆ. ಕೆಂಪಮ್ಮ ಸೌಟು ಹಿಡಿದುಕೊಂಡೇ ಬಹಳ ಹೊತ್ತು ಯೋಚಿಸಿದಳು.

"ಒಬ್ರಿಗಾ ಭಾವ? ಒಬ್ರಿಗ್ ಮಾಡಿ ನಂಗೊತ್ತಿಲ್ಲ ಕಣಿ. ನೂರ್ ಜನುಕ್ ಮಾಡ್ಬುಟ್ಟು ಒಬ್ರೇ ಉಣ್ಣಿ."

ನಾನು ಲೆಕ್ಕದಲ್ಲಿ ಅಷ್ಟೇನೂ ದಡ್ಡನಲ್ಲ. ನೂರರಿಂದ ಭಾಗಿಸಿದರೆ ಆಯಿತು. ಖಾರದ ಪುಡಿ ಒಂದು ಲೋಟದ ನೂರರಲ್ಲಿ ಒಂದು ಭಾಗ ಎಂದರೆ ನಮ್ಮ ಬೊಂಬೆ ಸೆಟ್ಟಿನ ಅಳತೆಯೇ ಆಯಿತಲ್ಲ ಎಂದು ಹೊಳೆದಾಗ ನನಗಾದ ಸಂತೋಷ ಹೇಳತೀರದು. ನನ್ನ ವಿದ್ಯೆ ಕಡೆಗೂ ಅಡುಗೆಮನೆಗೆ ಬಂತು. ಆ ದಿನವೇ ಕೂತು ಹಾಲೆ ಮರದಲ್ಲಿ ಪುಟ್ಟದೊಂದು ಲೋಟ, ಒಂದು ಸೌಟು ಕಡೆದೆ. ಕಡೆದ ಮೇಲೆ ಕೈ ಸುಮ್ಮನಿರುತ್ತದೆಯೇ? ಅಭ್ಯಾಸಬಲದಿಂದ ಬೊಂಬೆಗೆ ಬಣ್ಣ ಕೊಡುವ ಕೆಂಪು ಅರಗು ಒತ್ತಿ, ತಾಳೆ ಗರಿಯಿಂದ ಹೊಳಪನ್ನೂ ಕೊಟ್ಟೆ. ಅದರಲ್ಲೇ ಅಳೆದು, ಅದರಲ್ಲೇ ಕುದಿಯುವ ಸಾರನ್ನು ತಿರುವಿದೆ. ನೋಡುತ್ತಿದ್ದ ಹಾಗೆ ಸಾರು ಎಂಥ ಬಣ್ಣಕ್ಕೆ ತಿರುಗಿತೆಂದರೆ, ಜಯಮ್ಮ ಇಷ್ಟು ವರ್ಷ ಮಾಡಿದ್ದು ಏನೂ ಅಲ್ಲ ಎನಿಸಿತು. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟೆ. ಬೊಂಬೆ ನೆಕ್ಕಿದ ಹಾಗಿತ್ತು. ತಿರುಗಿ ನೋಡಿದರೆ ಸೌಟು ಹುಟ್ಟಿದಾಗಿನ ಹಾಗೆ ಬೆಳ್ಳಗಾಗಿತ್ತು, ಅದರ ಅರಗೆಲ್ಲ ಸಾರಿನಲ್ಲಿತ್ತು. ಬಿಸಿಗೆ ಅರಗು ಕರಗುತ್ತದೆ ಎನ್ನುವುದರ ಮೇಲೆಯೇ ನಲವತ್ತು ವರ್ಷದಿಂದ ನನ್ನ ಹೊಟ್ಟೆಪಾಡು ನಡೆದಿದೆ. ಈ ಮಾತನ್ನು ನಮ್ಮ ಕಸುಬಿನವರಿಗೆ ಯಾರಿಗೂ ದಯವಿಟ್ಟು ಹೇಳಬೇಡಿ.

ಕೆಂಪಮ್ಮನಿಗೆ ಹೇಳಿದೆ. ಅವಳು ನಕ್ಕು ನಕ್ಕು ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಳು. ಅಕ್ಕ ಇದ್ದಿದ್ದರೆ ಇದನ್ನು ಊರೆಲ್ಲ ಹಂಚುತ್ತಿದ್ದಳು ಎಂದಳು, ಅಷ್ಟು ಹೊತ್ತಿಗೆ ಸೆರಗು ಕಣ್ಣಿಗೆ ಹೋಗಿತ್ತು. ಆಮೇಲೆ ತನ್ನ ಕಷ್ಟ ಹೇಳಿಕೊಂಡಳು. ಬೇರೆ ದಿನಗಳ ಅಡುಗೆಗೆ ತೊಂದರೆ ಇಲ್ಲ, ಮೊಟ್ಟೆ ಕೊಡುವ ದಿನವಂತೂ ಮಕ್ಕಳು ಪಾಠ ಬಿಡುವ ಮುಂಚೆಯೇ ತಟ್ಟೆ ಬಡಿಯುತ್ತವೆ. ಮಂಗಳವಾರ ಮಾತ್ರ ಒಂದು ಮಗುವೂ ಎರಡನೇ ಸಲ ಸಾರು ಕೇಳುವುದಿಲ್ಲ. ಸಾರಿನ ಸುತ್ತ ಅನ್ನದ ಏರಿ ಕಟ್ಟಿಕೊಂಡು ಕೆರೆ ಆಟ ಆಡಿ ಎದ್ದು ಹೋಗುತ್ತವೆ. ಬೆಳಿಗ್ಗೆ ಶಾಲೆಯ ಹಾಲು ಕುಡಿದದ್ದು ಬಿಟ್ಟರೆ ಎಷ್ಟೋ ಮಕ್ಕಳಿಗೆ ಅದೇ ಮೊದಲ ಊಟ. "ಅಕ್ಕನ್ ಜಾಗುಕ್ ಬಂದು ಮಕ್ಳುನ್ನ ಅರೆಹೊಟ್ಟೇಲಿ ಕಳುಸ್ತಾ ಇವ್ನಿ ಭಾವ. ಇಂಗೇ ಆದ್ರೆ ಸೌಟು ಕೆಳಗಿಟ್ಟು ಹೋಯ್ತೀನಿ" ಎಂದಳು.

ಅಷ್ಟರಲ್ಲಿ ಹೆಡ್‌ಮೇಡಂ ಬಂದರು. ಈ ಜೂನ್‌ನಲ್ಲಿ ವರ್ಗವಾಗಿ ಬಂದವರು, ಜಯಮ್ಮನನ್ನು ನೋಡಿದವರಲ್ಲ. ನನ್ನ ಅರಗಿನ ಸಾರಿನ ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ನನ್ನನ್ನೇ ನೋಡುತ್ತಾ ನಿಂತರು. ಬಿಸಿಯೂಟಕ್ಕೊಂದು ನಿಯಮವಿದೆ. ಅಡುಗೆ ಆದ ಮೇಲೆ ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಲೇಬೇಕು. ಅಡುಗೆಯವರು, ಟೀಚರು, ಜೊತೆಗೆ ತಾಯಂದಿರಲ್ಲೊಬ್ಬರು. ತಾಯಂದಿರಲ್ಲಿ ಅರ್ಧ ಜನ ಬೆಳಿಗ್ಗೆಯೇ ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತಿರುತ್ತಾರೆ, ಉಳಿದವರು ರೇಷ್ಮೆ ನೂಲು ಬಿಚ್ಚುವ ಕಡೆ. ಮಂಗಳವಾರಕ್ಕೆ ಯಾರೂ ಸಿಕ್ಕಿಲ್ಲ, ನೀವು ಬನ್ನಿ ಎಂದರು. ನಾನು ತಾಯಿಯಲ್ಲವಲ್ಲ ಎಂದೆ. ತಾತ ನಡೆಯುತ್ತದೆ ಎಂದರು. ಹೀಗೆ ಜೀವಮಾನದಲ್ಲಿ ಮೊದಲ ಸಲ ನನಗೊಂದು ಹುದ್ದೆ ಸಿಕ್ಕಿತು. ಕೆಲಸ ಉಣ್ಣುವುದು.

ಆದರೆ ಹುದ್ದೆ ಸಿಕ್ಕಿದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ. ಮೊದಲ ಮಂಗಳವಾರ ರುಚಿ ನೋಡಿ ಚೆನ್ನಾಗಿದೆ ಎಂದೆ. ನಾನು ಹೇಳಿದ ರೀತಿಗೆ ಕೆಂಪಮ್ಮನ ಮುಖ ಬಾಡಿತು. ಎರಡನೆಯ ವಾರ ಬೆಳ್ಳುಳ್ಳಿ ಒಸಿ ಮುಂದಿರಲಿ ಎಂದೆ; ಮೂರನೆಯ ವಾರ ಹುಣಸೆ ಹಿಂದಿರಲಿ ಎಂದೆ. ಅಧಿಕಾರ ಇದ್ದ ಮೇಲೆ ಏನಾದರೂ ಹೇಳಬೇಕಲ್ಲ. ನಾನು ಹೇಳಿದ ಹಾಗೆಲ್ಲ ಅವಳು ಮಾಡಿದಳು, ಮಾಡಿದ ಹಾಗೆಲ್ಲ ಅದು ಇನ್ನಷ್ಟು ದೂರ ಹೋಯಿತು. ಮಕ್ಕಳ ಕೆರೆಗಳು ದೊಡ್ಡದಾದವು.

ನಾಲ್ಕನೆಯ ವಾರ ನಲ್ಲಿಯ ಹತ್ತಿರ ಕೈ ತೊಳೆಯುತ್ತಾ ನಿಂತಿದ್ದೆ. ಮೂರನೇ ಕ್ಲಾಸಿನ ಸಾನಿಯಾ ಎಂಬ ಹುಡುಗಿ ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅವಳಪ್ಪ ರೇಷ್ಮೆ ನೂಲು ಬಿಚ್ಚುವವನು. ಯಾಕಮ್ಮ ಸಾರು ಬಿಟ್ಟೆ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು.

"ಇದು ಅಂಗಡಿ ಸೊಪ್ಪು ತಾತ. ಜಯಮ್ಮಜ್ಜಿ ಮಾಡ್ತಾ ಇದ್ದಿದ್ದು ನಮ್ ಸೊಪ್ಪು."

ಬಿಡಿಸಿ ಕೇಳಿದಾಗ ಗೊತ್ತಾಯಿತು. ತಾಯಂದಿರು ಬಸ್ಸಿಗೆ ಹೊರಟು ಬಾಗಿಲಿಗೆ ಬೀಗ ಬಿದ್ದ ಮೇಲೆ ಒಂದಷ್ಟು ಮಕ್ಕಳು ಶಾಲೆ ತೆಗೆಯುವ ಮುಂಚೆಯೇ ಬಂದು ಗೇಟಿನಲ್ಲಿ ಕೂರುತ್ತಿದ್ದವು. ಬೇಗ ಬಂದು ಒಲೆ ಹಚ್ಚುತ್ತಿದ್ದ ಜಯಮ್ಮ ಅವನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಮಂಗಳವಾರ ಬರುವಾಗ ಬರಿಗೈಯಲ್ಲಿ ಬರುವ ಹಾಗಿಲ್ಲ. ರಾಗಿ ಹೊಲದ ಬದುವಿನಿಂದ ಅಣ್ಣೆ ಸೊಪ್ಪು, ಬೇಲಿಯ ಗಣಕೆ ಸೊಪ್ಪು, ಹಿತ್ತಲಿನ ದಂಟು, ಯಾರಿಗೆ ಏನು ಸಿಕ್ಕಿದರೆ ಅದು, ಮನೆಗೊಂದು ಹಿಡಿ. ಸಾನಿಯಾ ತರುತ್ತಿದ್ದುದು ಅವರ ಮನೆಯ ಹಿಂದಿನ ಮರದ ನುಗ್ಗೆ ಸೊಪ್ಪು. ಗೇಟಿನಲ್ಲಿ ನಿಂತು ಜಯಮ್ಮಜ್ಜಿ, ಏನು ತಂದಿದ್ದೀಯ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳಂತೆ. ಕೆಂಪಮ್ಮ ತನ್ನ ಮಕ್ಕಳನ್ನು ಕಳಿಸಿ ಬರುವ ಹೊತ್ತಿಗೆ ಸೊಪ್ಪು ತೊಳೆದು ಮಂಕರಿಯಲ್ಲಿರುತ್ತಿತ್ತು. ಅಕ್ಕ ಪೇಟೆಯಿಂದ ತಂದಿದ್ದಾಳೆ ಎಂದೇ ಅವಳು ತಿಳಿದಿದ್ದಳು. ನಾನಂತೂ ಸಾರು ಉಂಡೆನೇ ಹೊರತು ಸೊಪ್ಪು ಎಲ್ಲಿಯದು ಎಂದು ಕೇಳಿದವನಲ್ಲ. ಈಗ ಯಾಕೆ ತರುವುದಿಲ್ಲ ಎಂದೆ. ಸಾನಿಯಾ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿ, "ಯಾರೂ ಕೇಳಲ್ವಲ್ಲ" ಎಂದಳು.

ಈಗ ಯಾರಾದರೂ ಗೇಟಿನಲ್ಲಿ ನಿಂತು ಕೇಳಬೇಕಾಗಿತ್ತು. ಕೆಂಪಮ್ಮನಿಗೆ ಆ ಹೊತ್ತಿಗೆ ಬರಲಾಗುವುದಿಲ್ಲ. ನಾನೋ, ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಸಂಕೋಚಪಡುವವನು. ಮಾತೆಲ್ಲ ಜಯಮ್ಮನೇ ಆಡುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದರೆ ಸಾಕಾಗಿತ್ತು. ಆದರೂ ಸೋಮವಾರವೇ ಮಕ್ಕಳಿಗೆ ಸುದ್ದಿ ಮುಟ್ಟಿಸಿ, ಮಂಗಳವಾರ ಹೊತ್ತಿಗೆ ಮುಂಚೆ ಹೋಗಿ ಗೇಟಿನಲ್ಲಿ ನಿಂತೆ. ಮೊದಲ ಮಗು ಬಂದಾಗ ಏನು ತಂದಿದ್ದೀಯ ಎಂದು ಕೇಳಿದ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಆ ಮಗು ಲಂಗದ ಮಡಿಲಿನಿಂದ ಹೊನಗೊನ್ನೆ ಸೊಪ್ಪು ಸುರಿಯಿತು. ಆಮೇಲೆ ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಒಬ್ಬ ಕುಂಬಳದ ಬಳ್ಳಿಯನ್ನೇ ಎಳೆದುಕೊಂಡು ಬಂದ, ಅವನ ಹಿಂದೆ ಯಾರದೋ ಮೇಕೆಯೂ ಬಂತು. ಒಬ್ಬಳು ಕನಕಾಂಬರ ತಂದಿದ್ದಳು, ಅದನ್ನು ಕೆಂಪಮ್ಮನ ಮುಡಿಗೆ ಎತ್ತಿಟ್ಟೆವು. ಇನ್ನೊಬ್ಬ ಹೊರೆ ತುಂಬ ಹಿಪ್ಪುನೇರಳೆ ಸೊಪ್ಪು ಹೊತ್ತು ತಂದ. ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕೆ ಹಾಕುವುದು ಇದೇ, ನಮ್ಮ ಹುಳ ಎಷ್ಟು ದಪ್ಪಗಿವೆ ಬಂದು ನೋಡಿ ಎಂದು ಅವನ ವಾದ. ಅಷ್ಟರಲ್ಲಿ ಬಂದ ಕೆಂಪಮ್ಮ, "ಇದ್ನ ಉಂಡು ಎಲ್ಲಾ ಗೂಡು ಕಟ್ಕಂಡು ಒಳೀಕ್ ಕುಂತ್ಕಂಡ್ರೆ ಪಾಠ ಕಲಿಯೋರ್ ಯಾರ್ಲಾ?" ಎಂದು ಹೊರೆಯನ್ನು ವಾಪಸ್ಸು ಕಳಿಸಿದಳು. ಹೆಡ್‌ಮೇಡಂ ತಾವೇ ಕೂತು ಸೊಪ್ಪು ಆರಿಸಿದರು, ತೊಳೆದ ಸೊಪ್ಪನ್ನು ಮತ್ತೆ ತೊಳೆಸಿದರು.

ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದವು. ಕೆಂಪಮ್ಮ ಒಂದು ಬಟ್ಟಲಿಗೆ ಅನ್ನ ಹಾಕಿ ಮೇಲೆ ಮಸ್ಸೊಪ್ಪು ಬಿಟ್ಟು ಕೊಟ್ಟಳು. ಬಾಯಿಗಿಟ್ಟೆ. ಹುಳಿಯೂ ಮುಂದಿರಲಿಲ್ಲ, ಖಾರವೂ ಮುಂದಿರಲಿಲ್ಲ. ಗಣಕೆಯ ಕಹಿ ಒಂದು ಕಡೆಯಿಂದ ಬಂತು, ನುಗ್ಗೆಯ ಘಮ ಇನ್ನೊಂದು ಕಡೆಯಿಂದ, ಯಾರ ಮನೆಯದೋ ಏನೋ ಹಿಂದಿನಿಂದ. ಜಯಮ್ಮ ತರುತ್ತಿದ್ದ ಅದೇ ಡಬ್ಬಿಯ ರುಚಿ, ಅದೇ ಮಂಗಳವಾರ. ಒಬ್ಬರಿಗೆ ಇದರ ಅಳತೆ ಎಷ್ಟು ಎಂದು ಕೇಳಿಕೊಂಡು ತಿರುಗಿದ್ದೆನಲ್ಲ, ಊರಿನ ಅಷ್ಟೂ ಮನೆಯ ಹಿತ್ತಲು ಬೀಳದೆ ಇದು ಕುದಿಯುವುದೇ ಇಲ್ಲ. ಕೆಂಪಮ್ಮ ಸೌಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಯಾಕ್ ಭಾವ, ಉಪ್ ಕಮ್ಮಿ ಆಯ್ತಾ?"

ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಇನ್ನೊಂದ್ ಸೌಟು ಹಾಕು, ನೋಡಾನ."

ಹಾಕಿದಳು. ನೋಡಿದೆ. ಇನ್ನೂ ಸರಿಯಾಗಿ ತಿಳಿಯುತ್ತಿಲ್ಲ ಎಂದು ಮತ್ತೊಂದು ಹಾಕಿಸಿಕೊಂಡೆ. ಆಗ ಸಾಲಿನಿಂದ ಸಾನಿಯಾಳ ಧ್ವನಿ ಬಂತು: "ತಾತ, ರುಚಿ ನೋಡೋದು ಮುಗೀತಾ, ನಾವು ಮನೆಗೆ ಹೋಗಣಾ?" ಆ ಹೊತ್ತು ಮಕ್ಕಳು ಎರಡನೇ ಸಲವಲ್ಲ, ಮೂರನೇ ಸಲ ಕೇಳಿದವು. ಕೆರೆ ಕಟ್ಟಲು ಯಾರ ತಟ್ಟೆಯಲ್ಲೂ ನೀರು ಉಳಿಯಲಿಲ್ಲ. ಕೆಂಪಮ್ಮ ಖಾಲಿ ಪಾತ್ರೆಯನ್ನು ಬಗ್ಗಿಸಿ ಬಗ್ಗಿಸಿ ಎಲ್ಲರಿಗೂ ತೋರಿಸಿದಳು, ತನ್ನ ಪಾಲೂ ಹೋಯಿತೆಂಬುದು ಅವಳಿಗೆ ಆಮೇಲೆ ನೆನಪಾಯಿತು. ಸೌಟು ಕೆಳಗಿಡುವ ಮಾತನ್ನು ಅವಳು ಮತ್ತೆ ಎತ್ತಿಲ್ಲ.

ಅಲ್ಲಿಂದ ಮಂಗಳವಾರ ಬೆಳಿಗ್ಗೆ ನಾನು ಗೇಟಿನಲ್ಲಿ, ಮಧ್ಯಾಹ್ನ ಅಡುಗೆಮನೆಯಲ್ಲಿ. ಉಳಿದ ದಿನ ಮನೆಯಲ್ಲಿ ಅನ್ನ ಈಗಲೂ ಮೂವರಿಗಾಗುತ್ತಿದೆ, ಅಕ್ಕಪಕ್ಕದವರು ಮತ್ತೆ ತಟ್ಟೆ ತೊಳೆದಿಡಲು ಶುರು ಮಾಡಿದ್ದಾರೆ. ಈಚೆಗೆ ಹೆಡ್‌ಮೇಡಂ ನನ್ನನ್ನು ಕರೆದು, ರುಚಿ ನೋಡುವುದು ಎಂದರೆ ಒಂದು ಚಮಚ, ಊಟವಲ್ಲ ಎಂದು ಮೃದುವಾಗಿ ಹೇಳಿದರು. ನ್ಯಾಯವಾದ ಮಾತು. ನಿಯಮ ಮೀರುವವನು ನಾನಲ್ಲ. ಮನೆಗೆ ಬಂದು ಲೇತ್ ಹಾಕಿ, ಹಾಲೆ ಮರದಲ್ಲಿ ನನ್ನದೇ ಒಂದು ಚಮಚ ಕಡೆದುಕೊಂಡೆ. ಈ ಸಲ ಅರಗು ಹಚ್ಚಲಿಲ್ಲ. ಮುಂದಿನ ಮಂಗಳವಾರ ಅದನ್ನು ಚೀಲದಿಂದ ಹೊರಗೆ ತೆಗೆದಾಗ ಮೇಡಂ ಕನ್ನಡಕ ಸರಿಮಾಡಿಕೊಂಡು, ಇದು ಚಮಚವಾ ಎಂದರು. ಅವರದೇನೂ ತಪ್ಪಿಲ್ಲ, ಅದರೊಳಗೆ ಎರಡು ಸೌಟು ಆರಾಮವಾಗಿ ಹಿಡಿಸುತ್ತದೆ.

ಹೌದು ಮೇಡಂ, ಜಯಮ್ಮನ ಅಳತೆಯಲ್ಲಿ ಇದು ಚಮಚವೇ ಎಂದೆ.